ರುಚಿಯ ಪ್ರವಾಸ

‘ದೇಶ ಸುತ್ತು, ಇಲ್ಲವೇ ಕೋಶ ಓದು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಲೋಕಜ್ಞಾನವನ್ನು ಗಳಿಸಲು ಇವೆರಡೇ ದಾರಿಗಳೆಂದು ಅವರು ನಂಬಿದ್ದರು. ಈಚಿನ ವರ್ಷಗಳಲ್ಲಿ ಮೂರನೆಯದೊಂದು ದಾರಿ ಇದಕ್ಕೆ ಸೇರಿಕೊಂಡಿದೆ. ಅದು ಉಣ್ಣುತ್ತ ತಿರುಗುವ ದಾರಿ. ದೊಡ್ಡ ನಗರಗಳಲ್ಲಿ ಇದಕ್ಕೆ ಮಾರ್ಗದರ್ಶಕರೇ ಇದ್ದಾರೆ. ಬೆಳಗ್ಗೆ ಹತ್ತಾರು ಜನರ ಒಂದು ತಂಡವನ್ನು ಕೂಡಿಸಿಕೊಂಡು ಅವರು ಹೊರಡುತ್ತಾರೆ. ಒಂದು ಬೀದಿಯಲ್ಲಿ ದೋಸೆ, ಇನ್ನೊಂದರಲ್ಲಿ ಕಬಾಬು, ಮತ್ತೊಂದರಲ್ಲಿ ಸಿಹಿತಿಂಡಿ, ಹೀಗೆ ತಿನ್ನಿಸುತ್ತ, ಆಯಾ ತಿಂಡಿಯ ಕಥೆಯನ್ನು ಹೇಳುತ್ತ, ಸಂಜೆಯ ಹೊತ್ತಿಗೆ ಅವರನ್ನು ಬೀಳ್ಕೊಡುತ್ತಾರೆ. ಸಿಂಗಾಪುರದ ಬೀದಿ ಅಂಗಡಿಗಳ ಆಹಾರ ಸಂಸ್ಕೃತಿಯನ್ನು ಯುನೆಸ್ಕೋ ಸಂಸ್ಥೆಯು 2020ರಲ್ಲಿ ಮಾನವ ಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಬೀದಿ ಬದಿಯ ಬಾಣಲೆಗೂ ಗೌರವದ ಸ್ಥಾನವುಂಟೆಂಬುದನ್ನು ಲೋಕ ಒಪ್ಪಿಕೊಂಡಿತು.

ಇಂಥ ಪ್ರವಾಸಗಳ ಬಗೆಗೆ ಎರಡು ಅಭಿಪ್ರಾಯಗಳಿವೆ. ಒಂದು ನಾಡನ್ನು ಅರಿಯಲು ಅದರ ಅಡುಗೆಗಿಂತ ಒಳ್ಳೆಯ ಬಾಗಿಲಿಲ್ಲ ಎನ್ನುವವರು ಕೆಲವರು. ಒಂದೇ ದಿನದಲ್ಲಿ ಆರೇಳು ತಟ್ಟೆಗಳಿಗೆ ಕೈಹಾಕಿ ನಾಡನ್ನು ಬಲ್ಲೆವೆಂದುಕೊಳ್ಳುವುದು ಬರಿಯ ಬಾಯಿಚಪಲ ಎನ್ನುವವರು ಮತ್ತೆ ಕೆಲವರು. ಇವೆರಡರಲ್ಲಿ ಯಾವುದು ಸರಿ? ಈ ಪ್ರಶ್ನೆಯನ್ನು ದೂರದ ನಗರಗಳಲ್ಲಿಟ್ಟು ನೋಡುವ ಬದಲು ನಮ್ಮ ಊರಿಗೇ ತಂದು ನೋಡೋಣ.

ಕೆದಂಬಾಡಿ ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ತಾಲೂಕಿನ ಒಂದು ಗ್ರಾಮ. ಅಡಿಕೆ ಮತ್ತು ತೆಂಗಿನ ತೋಟಗಳು, ನಡುನಡುವೆ ಮನೆಗಳು, ಮನೆಯ ಹಿತ್ತಿಲಲ್ಲಿ ಹಲಸು ಮಾವುಗಳು. ಇಂಥ ಊರಿಗೆ ಅತಿಥಿಗಳ ವಾಹನವೊಂದು ಬಂದು ನಿಂತಿತೆಂದು ಭಾವಿಸಿ. ಅವರಿಗೆ ಏನನ್ನು ಬಡಿಸೋಣ? ಬೆಳಗ್ಗೆ ನೀರುದೋಸೆಯಿಂದ ತೊಡಗಬಹುದು. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ನೀರಿನಂತೆ ತೆಳ್ಳಗೆ ಮಾಡಿ, ಕಾದ ಕಾವಲಿಯ ಮೇಲೆ ಎರಚಿದರೆ ಆಯಿತು; ಹುದುಗು ಬರಿಸಬೇಕಾಗಿಲ್ಲ. ಹತ್ತು ಗಂಟೆಗೆ ಪೇಟೆಯ ಹೋಟೆಲಿನಲ್ಲಿ ಬಾಳೆಹಣ್ಣು ಕಲಸಿ ಕರಿದ ಬನ್ಸು. ಮಧ್ಯಾಹ್ನ ಕುಚ್ಚಲಕ್ಕಿಯ ಊಟ, ಬೇಕೆಂಬವರಿಗೆ ಕೋರಿ ರೊಟ್ಟಿ. ಗರಿಗರಿಯಾದ ಅಕ್ಕಿಯ ರೊಟ್ಟಿಯ ಮೇಲೆ ಕೋಳಿಯ ಸಾರು ಸುರಿದಾಗ ಅದು ಮೆತ್ತಗಾಗುವ ಆ ಒಂದು ಗಳಿಗೆಯೇ ಅದರ ರುಚಿ. ಸಂಜೆ ಚಹಾದ ಜೊತೆಗೆ ಗೋಳಿಬಜೆ. ಅತಿಥಿಗಳು ತೃಪ್ತರಾಗಿ ಹೊರಟುಹೋಗುತ್ತಾರೆ.

ಅವರು ತಿಂದದ್ದು ನಿಜ. ಆದರೆ ಅವರು ತಿಳಿದದ್ದೇನು? ಇಲ್ಲಿಯೇ ನನ್ನ ಮೊದಲನೆಯ ಆಕ್ಷೇಪವಿರುವುದು. ಪ್ರವಾಸಕ್ಕೆ ಒಂದು ದಿನವಿದೆ. ನಮ್ಮ ಅಡುಗೆಗೆ ಒಂದು ವರ್ಷವಿದೆ. ತುಳುನಾಡಿನ ಅಡುಗೆಯನ್ನು ಆಳುವವನು ಮಳೆರಾಯ. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ತರಕಾರಿ ಬೆಳೆಯುವುದು ಕಷ್ಟ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳು ಕಡಲಿಗಿಳಿಯುವುದಿಲ್ಲವಾದ್ದರಿಂದ ಹಸಿಮೀನೂ ವಿರಳ. ಆ ದಿನಗಳಿಗಾಗಿ ಬೇಸಗೆಯಲ್ಲಿಯೇ ಸಿದ್ಧತೆ ನಡೆಯಬೇಕು. ಬಲಿತ ಹಲಸಿನ ಕಾಯಿಯ ಸೊಳೆಗಳನ್ನು ಬಿಡಿಸಿ ಉಪ್ಪಿನಲ್ಲಿ ಹಾಕಿಡುತ್ತಾರೆ. ಮಾವಿನಕಾಯಿಗಳನ್ನೂ ಹೀಗೆಯೇ ಉಪ್ಪುನೀರಿನ ಭರಣಿಗೆ ತುಂಬುತ್ತಾರೆ. ಹಪ್ಪಳ, ಸಂಡಿಗೆ, ಒಣಮೀನುಗಳು ಅಟ್ಟವೇರುತ್ತವೆ. ಮಳೆಗಾಲದಲ್ಲಿ ಆ ಸೊಳೆಯ ಉಪ್ಪನ್ನು ನೀರಿನಲ್ಲಿ ಬಿಡಿಸಿ ಪಲ್ಯವನ್ನೋ ರೊಟ್ಟಿಯನ್ನೋ ಮಾಡುತ್ತಾರೆ.

ಮಳೆ ತಾನಾಗಿ ಕೊಡುವ ಆಹಾರವೂ ಉಂಟು. ಮರದ ಕೊಂಬೆಗಳಲ್ಲಿ, ತೋಟದ ಬದಿಗಳಲ್ಲಿ ಕೆಸುವು ಹುಟ್ಟುತ್ತದೆ. ಅದರ ಎಲೆಗೆ ಅಕ್ಕಿ ಮಸಾಲೆಗಳ ಹಿಟ್ಟನ್ನು ಬಳಿದು, ಸುತ್ತಿ, ಹಬೆಯಲ್ಲಿ ಬೇಯಿಸಿದರೆ ಪತ್ರೊಡೆ. ಆ ಎಲೆಯಲ್ಲಿ ಸೂಜಿಯಂಥ ಸೂಕ್ಷ್ಮ ಹರಳುಗಳಿದ್ದು ಅವು ಗಂಟಲನ್ನು ತುರಿಸುತ್ತವೆ. ಹುಣಸೆಯ ಹುಳಿಯೂ ಚೆನ್ನಾದ ಬೇಯುವಿಕೆಯೂ ಆ ತುರಿಕೆಯನ್ನು ತಗ್ಗಿಸುತ್ತವೆ. ಎಳೆ ಬಿದಿರಿನ ಮೊಳಕೆಯಾದ ಕಣಿಲೆಯಲ್ಲಿ ವಿಷದ ಅಂಶವಿದೆ. ಅದನ್ನು ಹೆಚ್ಚಿ, ದಿನದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿಟ್ಟ ಮೇಲೆಯೇ ಒಲೆಗೇರಿಸಬೇಕು. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆಮರದ ತೊಗಟೆಯನ್ನು ತಂದು ಕಷಾಯ ಮಾಡಿ ಕುಡಿಯುವ ಸಂಪ್ರದಾಯ ಇಂದಿಗೂ ಇದೆ. ಬೇರೊಂದು ಮರವನ್ನು ಹಾಲೆಯೆಂದು ಭ್ರಮಿಸಿದರೆ ಔಷಧವೆಂದು ಕುಡಿದದ್ದೇ ವಿಷವಾದೀತು. ಇವೆಲ್ಲವೂ ಯಾವ ಶಾಲೆಯಲ್ಲಿ ಕಲಿತ ವಿದ್ಯೆ? ಮಕ್ಕಳಿಗೆ ಉಣಿಸಲೇಬೇಕಾಗಿದ್ದ ತಾಯಂದಿರು ತಲೆತಲಾಂತರದಿಂದ ಎಚ್ಚರಿಕೆಯಿಂದ ಕೂಡಿಸಿಟ್ಟ ವಿದ್ಯೆ ಅದು. ತಟ್ಟೆಯನ್ನು ಮಾತ್ರ ತೋರಿಸುವ ಪ್ರವಾಸ ಈ ವಿದ್ಯೆಯನ್ನು ಮರೆಮಾಡುತ್ತದೆ.

ಇದರ ಜೊತೆಗೇ ಹೇಳಬೇಕಾದ ಇನ್ನೊಂದು ಸತ್ಯವಿದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳು ಹಿಂದೆ ಬಡವರ ಪಾಲಿಗೆ ಹಸಿವಿನ ತಿಂಗಳಾಗಿತ್ತು. ಹಳೆಯ ಭತ್ತ ಮುಗಿದಿರುತ್ತಿತ್ತು, ಹೊಸ ಪೈರು ಇನ್ನೂ ಗದ್ದೆಯಲ್ಲಿರುತ್ತಿತ್ತು, ಬಿಡದ ಮಳೆಯಲ್ಲಿ ಕೂಲಿಯೂ ಸಿಗುತ್ತಿರಲಿಲ್ಲ. ಆಗ ಸೊಪ್ಪು, ಗೆಡ್ಡೆ, ಹಲಸಿನ ಬೀಜಗಳೇ ಜೀವ ಉಳಿಸಿದವು. ಇಂದು ‘ಆಟಿಡೊಂಜಿ ದಿನ’ ಎಂಬ ಹೆಸರಿನಲ್ಲಿ ಸಭಾಭವನಗಳಲ್ಲಿ ಅದೇ ಸೊಪ್ಪು ಗೆಡ್ಡೆಗಳ ಹಲವು ಬಗೆಯ ಭಕ್ಷ್ಯಗಳನ್ನು ಬಡಿಸಿ ಸಂತೋಷಪಡುತ್ತೇವೆ. ಸಂತೋಷಪಡುವುದು ತಪ್ಪಲ್ಲ. ಆದರೆ ಉಣ್ಣುವಾಗ ಆ ಹಸಿವಿನ ನೆನಪೂ ಇರಬೇಕು. ಅಜ್ಜಿಯ ಕಣ್ಣೀರನ್ನು ಮರೆತು ಅವಳ ಕೈರುಚಿಯನ್ನು ಮಾತ್ರ ಹೊಗಳುವವನು ಅವಳನ್ನು ಅರ್ಧ ಮಾತ್ರ ಬಲ್ಲನು.

ಇನ್ನು, ‘ನಮ್ಮ ಊರಿನ ಅಪ್ಪಟ ಅಡುಗೆ’ ಎಂಬ ಮಾತನ್ನು ಪರಿಶೀಲಿಸೋಣ. ಮಾರ್ಗದರ್ಶಕರು ಈ ಮಾತನ್ನು ಪದೇ ಪದೇ ಹೇಳುವುದುಂಟು. ಕೋಳಿಯ ಸಾರಿಗೆ ಕೆಂಪು ಬಣ್ಣವನ್ನು ಕೊಡುವ ಮೆಣಸು ಅಮೆರಿಕಾ ಖಂಡದ ಬೆಳೆ. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ ಮೇಲೆ, ಪೋರ್ಚುಗೀಸರ ಹಡಗುಗಳ ಮೂಲಕ ಅದು ನಮ್ಮ ಕರಾವಳಿಗೆ ಬಂತು. ಅದಕ್ಕೆ ಮೊದಲು ಇಲ್ಲಿಯ ಖಾರವೆಂದರೆ ಕಾಳುಮೆಣಸು ಮತ್ತು ಶುಂಠಿ. ಗುಡ್ಡಗಳ ತುಂಬ ಬೆಳೆದಿರುವ ಗೇರು ಕೂಡ ಅದೇ ದಾರಿಯಿಂದ ಬಂದ ಅತಿಥಿ. ಅಡಿಕೆಯ ಮರಗಳ ನೆರಳಿನಲ್ಲಿ ಬೆಳೆಯುವ ಕೊಕ್ಕೋ ಗಿಡದ ಮೂಲವೂ ದಕ್ಷಿಣ ಅಮೆರಿಕಾ. ಆ ಬೆಳೆಯನ್ನು ನಂಬಿ ಕ್ಯಾಂಪ್ಕೋ ಸಹಕಾರಿ ಸಂಸ್ಥೆಯು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಗೋಳಿಬಜೆಯ ಮೈದಾ ಈ ಮಣ್ಣಿನ ಬೆಳೆಯಲ್ಲ. ಹಾಗಾದರೆ ಅಪ್ಪಟವಾದದ್ದು ಯಾವುದು? ಬಂದುದನ್ನು ಬರಮಾಡಿಕೊಂಡು ನಮ್ಮದಾಗಿಸಿಕೊಂಡ ಗುಣವೇ ನಮ್ಮ ಅಡುಗೆಯ ಹೆಮ್ಮೆ. ಅಪ್ಪಟತನದ ಹೆಸರಿನಲ್ಲಿ ಪರಕೀಯವನ್ನು ಹಳಿಯುವವನ ತಟ್ಟೆಯಿಂದ ಮೆಣಸನ್ನು ತೆಗೆದಿಟ್ಟರೆ ಅವನು ಒಂದು ತುತ್ತನ್ನೂ ಮೆಚ್ಚಲಾರನು.

ಈಗ ನಾನು ಮುಖ್ಯವೆಂದು ಭಾವಿಸುವ ಸಂಗತಿಗೆ ಬರುತ್ತೇನೆ. ದೂರದ ಅತಿಥಿಗೆ ನಮ್ಮ ಊರನ್ನು ತೋರಿಸಲು ಹೊರಟಿರುವ ನಾವು ನಮ್ಮ ಊರನ್ನು ಉಂಡು ನೋಡಿದ್ದೇವೆಯೇ? ನಮ್ಮ ಸೀಮೆಯಲ್ಲಿ ಅಡಿಗೆಮನೆಗಳು ಒಂದಲ್ಲ, ಹಲವು. ಹವ್ಯಕರ ಮನೆಯಲ್ಲಿ ತಂಬುಳಿ, ಮೆಣಸ್ಕಾಯಿ. ಗೌಡ, ಬಂಟ, ಬಿಲ್ಲವರ ಮನೆಗಳಲ್ಲಿ ಪುಂಡಿ, ಕೋಳಿಯ ಸಾರು. ಬ್ಯಾರಿ ಮುಸಲ್ಮಾನರ ಮನೆಯಲ್ಲಿ ಅಕ್ಕಿಯ ಪತ್ತಿರ್. ಕ್ರೈಸ್ತರ ಮನೆಯಲ್ಲಿ ಸಾನ್ನಾ. ಕೊಂಕಣಿಗರ ಮನೆಯಲ್ಲಿ ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು. ಎಲ್ಲ ಒಲೆಗಳಲ್ಲೂ ಬೇಯುವುದು ಅದೇ ಅಕ್ಕಿ, ಅದೇ ತೆಂಗಿನಕಾಯಿ. ಆದರೂ ಒಂದು ಒಲೆಯ ರುಚಿ ಮತ್ತೊಂದು ಒಲೆಗೆ ಅಪರಿಚಿತ. ಹಬ್ಬದ ದಿನ ನೆರೆಮನೆಗೆ ಬೇಯಿಸಿದ ಅಡುಗೆಯ ಬದಲು ಅಕ್ಕಿ, ತೆಂಗಿನಕಾಯಿ, ಬಾಳೆಹಣ್ಣುಗಳನ್ನು ಕಳುಹಿಸುವ ರೂಢಿಯೊಂದು ನಮ್ಮಲ್ಲಿತ್ತು. ನೆರೆಯವನ ಆಚಾರಕ್ಕೆ ಭಂಗ ಬಾರದಿರಲೆಂಬ ಸೌಜನ್ಯ ಅದರಲ್ಲಿತ್ತು ನಿಜ. ಆದರೆ ಆ ಸೌಜನ್ಯದ ಹಿಂದೆ ಒಂದು ಗೋಡೆಯೂ ಇತ್ತು.

ಕೆಲವರ ಪಾಲಿಗೆ ಆ ಗೋಡೆ ಬಹಳ ಕ್ರೂರವಾಗಿತ್ತು. ಹಿಂದಿನ ಕಾಲದ ಅನೇಕ ಹೋಟೆಲುಗಳಲ್ಲಿ ಜಾತಿಗೊಂದು ಪಂಕ್ತಿಯಿತ್ತು. ಕೆಲವರಿಗೆ ಹೊಸ್ತಿಲೊಳಗೆ ಪ್ರವೇಶವೇ ಇರಲಿಲ್ಲ. ಉಂಡು ಬಿಟ್ಟ ಎಂಜಲನ್ನು ಕೊರಗ ಸಮುದಾಯದ ಜನರಿಗೆ ತಿನ್ನಿಸಿ ಅವಮಾನಿಸುವ ‘ಅಜಲು’ ಎಂಬ ಅನಿಷ್ಟ ಪದ್ಧತಿ ನಮ್ಮ ಕರಾವಳಿಯಲ್ಲಿಯೇ ಇತ್ತು. ಅನ್ನದಿಂದ ಮನುಷ್ಯನನ್ನು ಪೋಷಿಸಬಹುದು, ಅದೇ ಅನ್ನದಿಂದ ಅವನನ್ನು ಕೀಳುಗಳೆಯಲೂಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ? 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿಯು ಅಂಗಡಿ, ಹೋಟೆಲುಗಳ ಬಾಗಿಲನ್ನು ಜಾತಿ ಮತಗಳ ಕಾರಣದಿಂದ ಯಾರಿಗೂ ಮುಚ್ಚಬಾರದೆಂದು ವಿಧಿಸಿತು. ಅಜಲು ಪದ್ಧತಿಯನ್ನು ಕರ್ನಾಟಕ ರಾಜ್ಯವು 2000ದಲ್ಲಿ ಪ್ರತ್ಯೇಕ ಕಾನೂನಿನಿಂದ ನಿಷೇಧಿಸಿತು. 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ ಎಲ್ಲ ಮನೆಗಳ ಮಕ್ಕಳನ್ನೂ ಒಂದೇ ಸಾಲಿನಲ್ಲಿ ಕೂರಿಸಿತು. ಕಾನೂನು ಹೋಟೆಲಿನ ಬಾಗಿಲನ್ನು ತೆರೆಸಬಲ್ಲುದು. ಮನೆಯ ಬಾಗಿಲನ್ನು ತೆರೆಯಬೇಕಾದವರು ನಾವೇ.

‘ನಮ್ಮ ಅಡಿಗೆಮನೆಯೇನು ಪ್ರದರ್ಶನದ ವಸ್ತುವೇ? ದುಡ್ಡು ಕೊಟ್ಟವರೆಲ್ಲ ಬಂದು ನೋಡುವುದು ಬೇಡ’ ಎಂದು ಕೆಲವರು ಆಕ್ಷೇಪಿಸುವರು. ಇದು ತಳ್ಳಿಹಾಕುವ ಮಾತಲ್ಲ. ಮನೆಯ ಮಾನ ದೊಡ್ಡದು. ಆದರೆ ಗಮನವೇ ಬೆಲೆಯನ್ನು ತರುವುದೂ ಉಂಟು. ಒಂದು ಕಾಲದಲ್ಲಿ ನಮ್ಮಲ್ಲಿ ಹಲಸಿನ ಹಣ್ಣು ಮರದ ಬುಡದಲ್ಲಿಯೇ ಬಿದ್ದು ಕೊಳೆಯುತ್ತಿತ್ತು. ಬಡವರ ಆಹಾರವೆಂದು ಅದನ್ನು ಕೀಳಾಗಿ ಕಾಣುತ್ತಿದ್ದರು. ಪುತ್ತೂರಿನಿಂದ ಪ್ರಕಟವಾಗುವ ‘ಅಡಿಕೆ ಪತ್ರಿಕೆ’ಯೂ ಅದರ ಸಂಪಾದಕರಾದ ಶ್ರೀ ಪಡ್ರೆಯವರೂ ಹಲಸಿನ ಕುರಿತು ಎಡೆಬಿಡದೆ ಬರೆದರು. ಹಲಸಿನ ಮೇಳಗಳು ನಡೆದವು. ಹಪ್ಪಳ ಮಾಡುವ ಹೆಣ್ಣುಮಕ್ಕಳಿಗೆ ಗಿರಾಕಿಗಳು ದೊರೆತರು. ನೆರೆಯ ಕೇರಳವು 2018ರಲ್ಲಿ ಹಲಸನ್ನು ತನ್ನ ರಾಜ್ಯದ ಹಣ್ಣೆಂದು ಘೋಷಿಸಿತು. ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸಲು ನಮ್ಮ ಸಂಸತ್ತು 2014ರಲ್ಲಿ ಕಾಯಿದೆಯನ್ನು ಮಾಡಿತು. ತಿನ್ನಲು ಬರುವವರು ಇದ್ದರೆ ಮಾಡುವವರ ಕೈಗೆ ಕೆಲಸವಿರುತ್ತದೆ. ಕೆಲಸವಿದ್ದರೆ ವಿದ್ಯೆ ಉಳಿಯುತ್ತದೆ.

ಆದ್ದರಿಂದ ರುಚಿಯ ಪ್ರವಾಸ ನಮ್ಮ ಊರಿಗೆ ಬರಲಿ ಎಂಬುದೇ ನನ್ನ ಅಭಿಪ್ರಾಯ. ಆದರೆ ಅದು ಮೂರು ನಿಯಮಗಳನ್ನು ಒಪ್ಪಿಕೊಂಡು ಬರಬೇಕು. ಮೊದಲನೆಯದು, ಅದು ಋತುವನ್ನು ಅನುಸರಿಸಲಿ. ಬೇಸಗೆಯಲ್ಲಿ ಪತ್ರೊಡೆಯನ್ನು ಕೇಳದಿರಲಿ; ಮಳೆಯಲ್ಲಿ ಬಂದವರು ಮಳೆಯ ಊಟವನ್ನೇ ಉಣ್ಣಲಿ. ಎರಡನೆಯದು, ಅಡುಗೆ ಮಾಡಿದವರ ಹೆಸರನ್ನು ಹೇಳಲಿ, ಅವರ ದುಡಿಮೆಗೆ ನ್ಯಾಯವಾದ ಬೆಲೆಯನ್ನು ಕೊಡಲಿ. ಕಥೆ ಹೇಳಿದವನಿಗೆ ಹಣ, ಒಲೆಯ ಮುಂದೆ ಬೆಂದವಳಿಗೆ ಹೊಗಳಿಕೆ ಎಂಬ ಹಂಚಿಕೆ ಸಲ್ಲದು. ಮೂರನೆಯದು, ಯಾರ ಎಲೆಯನ್ನೂ ನೋಡಿ ಮೂಗು ಮುರಿಯದಿರಲಿ. ಒಬ್ಬನು ಮೀನು ತಿನ್ನುವನು, ಇನ್ನೊಬ್ಬನು ತಿನ್ನನು. ತಿನ್ನುವವನನ್ನು ಜರೆಯುವುದೂ ತಿನ್ನದವನನ್ನು ಬಲವಂತಪಡಿಸುವುದೂ ಸಮಾನವಾದ ಅವಿವೇಕ. ಎಲ್ಲವನ್ನೂ ತಿನ್ನಬೇಕೆಂದಿಲ್ಲ, ಜೊತೆಯಲ್ಲಿ ಕುಳಿತುಕೊಂಡರೆ ಸಾಕು.

ವಿದ್ಯಾರ್ಥಿಗಳಾದ ನೀವು ಈ ಪ್ರವಾಸಕ್ಕಾಗಿ ವಾಹನವನ್ನು ಕಾಯಬೇಕಾಗಿಲ್ಲ. ಮಾರ್ಗದರ್ಶಕನೂ ಬೇಡ. ಒಂದೇ ಬೆಂಚಿನಲ್ಲಿ ವರ್ಷಗಟ್ಟಲೆ ಕುಳಿತ ಗೆಳೆಯನ ಮನೆಯಲ್ಲಿ ಈ ಆಟಿಯಲ್ಲಿ ಏನು ಅಡುಗೆಯಾಯಿತೆಂದು ಕೇಳಿ ನೋಡಿ. ಅವನ ತಾಯಿ ಅದನ್ನು ಹೇಗೆ ಮಾಡಿದರು, ಅವರಿಗೆ ಅದನ್ನು ಯಾರು ಕಲಿಸಿದರು ಎಂಬುದನ್ನೂ ಕೇಳಿ. ಬಿಡುವಿನ ದಿನ ಅವನು ಕರೆದರೆ ಹೋಗಿ. ಮುಂದಿನ ವಾರ ಅವನನ್ನು ನಿಮ್ಮ ಮನೆಗೆ ಕರೆಯಿರಿ. ಮನೆಯ ಹಿರಿಯರು ಮೊದಲು ಹಿಂಜರಿದಾರು. ಮನೆಗೆ ಬಂದ ಹುಡುಗನನ್ನು ಉಣ್ಣದೆ ಕಳುಹಿಸಲು ನಮ್ಮ ನಾಡಿನ ಯಾವ ತಾಯಿಗೂ ಮನಸ್ಸು ಬಾರದು.