ಮೆಚ್ಚುಗೆ ಸಂಬಳವಲ್ಲ

ದುಡಿಮೆಯ ಘನತೆಯ ಬಗ್ಗೆ ಭಾಷಣ ಮಾಡುವವರಿಗೆ ಈಗೊಂದು ಹೊಸ ದೃಷ್ಟಾಂತ ಸಿಕ್ಕಿದೆ. ಅದು ಅಮೆರಿಕದ ‘ದಿ ಬೇರ್’ ಎಂಬ ಧಾರಾವಾಹಿಯ ಒಂದು ಕಂತು. ಹೆಸರು ‘ಫೋರ್ಕ್ಸ್’. 2023ರ ಜೂನ್‌ನಲ್ಲಿ ಬಂದ ಎರಡನೆಯ ಸರಣಿಯಲ್ಲಿ ಇದು ಏಳನೆಯದು. ಶಿಕ್ಷಕರ ತರಬೇತಿಯೊಂದರಲ್ಲಿ ವ್ಯಕ್ತಿತ್ವ ವಿಕಸನದ ಮಾತುಗಾರರೊಬ್ಬರು ಇದರ ಕಥೆಯನ್ನು ರಸವತ್ತಾಗಿ ಹೇಳಿ, ‘ನೋಡಿ, ಫೋರ್ಕ್ ಒರೆಸುವ ಕೆಲಸದಲ್ಲೂ ಒಬ್ಬ ಮನುಷ್ಯ ಬಾಳಿನ ಅರ್ಥ ಕಂಡುಕೊಂಡ. ಸಂಬಳ, ಬಡ್ತಿ, ರಜೆ ಅಂತ ಗೊಣಗುವ ನಾವು ಇವನಿಂದ ಕಲಿಯಬೇಕು’ ಎಂದರು. ಸಭೆ ಚಪ್ಪಾಳೆ ತಟ್ಟಿತು. ಆಮೇಲೆ ನಾನು ಆ ಕಂತನ್ನು ಎರಡು ಸಲ ನೋಡಿದೆ. ಕಂತು ಚೆನ್ನಾಗಿದೆ. ಆದರೆ ಅವರು ಹೇಳಿದ ಪಾಠ ಅದರಲ್ಲಿಲ್ಲ. ಅದರಲ್ಲಿರುವುದು ಬಹುಮಟ್ಟಿಗೆ ಅದಕ್ಕೆ ತದ್ವಿರುದ್ಧ.

ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಶಿಕಾಗೊ ನಗರದ ಒಂದು ಹಳೆಯ ಸ್ಯಾಂಡ್‌ವಿಚ್ ಅಂಗಡಿ. ಅದನ್ನು ನಡೆಸುತ್ತಿದ್ದ ಅಣ್ಣ ಆತ್ಮಹತ್ಯೆ ಮಾಡಿಕೊಂಡಿದ್ದಾನೆ. ದೊಡ್ಡ ದೊಡ್ಡ ಹೋಟೆಲುಗಳಲ್ಲಿ ಪಳಗಿದ ತಮ್ಮ ಕಾರ್ಮಿ ಊರಿಗೆ ಮರಳಿ, ಅಂಗಡಿಯನ್ನು ಒಡೆದು ಹೊಸ ರೆಸ್ಟೋರೆಂಟ್ ಕಟ್ಟುತ್ತಿದ್ದಾನೆ. ತೀರಿಕೊಂಡವನ ಜೀವದ ಗೆಳೆಯ ರಿಚಿ. ವಯಸ್ಸು ನಲವತ್ತೈದು. ಹೆಂಡತಿ ವಿಚ್ಛೇದನ ಪಡೆದಿದ್ದಾಳೆ, ಒಬ್ಬಳು ಪುಟ್ಟ ಮಗಳು. ಬಾಯಿ ಜೋರು, ಕೈಗೆ ಹೇಳಿಕೊಳ್ಳುವಂಥ ಕಸುಬಿಲ್ಲ. ಹೊಸ ಹೋಟೆಲಿನಲ್ಲಿ ತನಗೆ ಜಾಗವಿದೆಯೋ ಇಲ್ಲವೋ ಎಂಬ ಭಯ ಅವನನ್ನು ಒಳಗೊಳಗೇ ತಿನ್ನುತ್ತಿದೆ. ಅಂಥವನನ್ನು ಕಾರ್ಮಿ ಒಂದು ವಾರದ ಮಟ್ಟಿಗೆ ನಗರದ ಅತಿ ದುಬಾರಿ ರೆಸ್ಟೋರೆಂಟಿಗೆ ಕೆಲಸ ಕಲಿಯಲು ಕಳಿಸುತ್ತಾನೆ. ಅಲ್ಲಿ ಮೊದಲ ಕೆಲಸ ಫೋರ್ಕ್ ಒರೆಸುವುದು. ಬೆಳಗಿನಿಂದ ಅದೇ. ರಿಚಿಗೆ ಇದು ತನ್ನನ್ನು ಸಾಗಹಾಕುವ ಉಪಾಯವೆನಿಸುತ್ತದೆ. ವಾರ ಕಳೆಯುವ ಹೊತ್ತಿಗೆ ಅವನು ಬೇರೆಯೇ ಮನುಷ್ಯ. ಬೆಳಗ್ಗೆ ತಾನಾಗಿ ಏಳುತ್ತಾನೆ, ಸೂಟು ತೊಡುತ್ತಾನೆ, ಮಗಳು ಮೆಚ್ಚುವ ಗಾಯಕಿಯ ಹಾಡನ್ನು ಕಾರಿನಲ್ಲಿ ಗಂಟಲು ಹರಿಯುವಂತೆ ಹಾಡಿಕೊಂಡು ಹೋಗುತ್ತಾನೆ. ರಿಚಿಯ ಪಾತ್ರ ಮಾಡಿದ ಎಬನ್ ಮಾಸ್-ಬ್ಯಾಕ್ರಾಕ್ ಅವರಿಗೆ 2024ರ ಸೆಪ್ಟೆಂಬರ್‌ನಲ್ಲಿ ಎಮ್ಮಿ ಪ್ರಶಸ್ತಿ ಬಂತು. ತಕ್ಕದ್ದೇ.

ಈಗ ನನ್ನ ಪ್ರಶ್ನೆ. ಈ ಮನುಷ್ಯನನ್ನು ಬದಲಿಸಿದ್ದು ಯಾವುದು? ಫೋರ್ಕ್ ಒರೆಸುವುದರಲ್ಲಿನ ಶ್ರದ್ಧೆಯೆ?

ಖಂಡಿತ ಅಲ್ಲ. ಮೊದಲ ದಿನ ಅವನು ಫೋರ್ಕ್ ಒರೆಸಿದಾಗ ಅವನಿಗೆ ಬಂದದ್ದು ಬೇಸರ ಮತ್ತು ಸಿಟ್ಟು. ಅದು ಸಹಜ. ಬದಲಾವಣೆ ಶುರುವಾಗುವುದು ಅವನಿಗಿಂತ ಚಿಕ್ಕವನಾದ ಮೇಲ್ವಿಚಾರಕ ಅವನನ್ನು ಹೊರಗೆ ಕರೆದು ಮಾತಾಡಿಸಿದಾಗ. ಈ ಕೆಲಸಕ್ಕೆ ಯಾಕೆ ಇಷ್ಟು ಮಹತ್ವ, ಊಟಕ್ಕೆ ಬರುವವರ ಪಾಲಿಗೆ ಈ ಒಂದು ರಾತ್ರಿ ಏನು ಎಂದು ಅವನಿಗೆ ಮುಖ ಕೊಟ್ಟು ವಿವರಿಸುತ್ತಾರೆ. ಆಮೇಲೆ ಅವನನ್ನು ಒರೆಸುವ ಮೇಜಿನಿಂದ ಎಬ್ಬಿಸಿ ಊಟದ ಹಾಲಿಗೆ ಕರೆದೊಯ್ಯುತ್ತಾರೆ. ಪರಸ್ಥಳದಿಂದ ಬಂದ ಒಂದು ಕುಟುಂಬ, ಶಿಕಾಗೊದ ದಪ್ಪ ಪಿಜ್ಜಾ ತಿನ್ನದೆಯೇ ಹೊರಡುತ್ತಿದ್ದೇವಲ್ಲ ಎಂದು ಪೇಚಾಡುವುದು ಕಿವಿಗೆ ಬಿದ್ದಾಗ, ಅದನ್ನು ತರಲು ಓಡುವವನು ರಿಚಿ. ತಂದ ಪಿಜ್ಜಾವನ್ನು ಅಡುಗೆಯವರು ಪುಟ್ಟ ಪುಟ್ಟ ಬಿಲ್ಲೆಗಳಾಗಿ ಕತ್ತರಿಸಿ ಸಿಂಗರಿಸುತ್ತಾರೆ. ಅದನ್ನು ಬಡಿಸುವ ಮರ್ಯಾದೆಯನ್ನೂ ಅವನಿಗೇ ಬಿಡುತ್ತಾರೆ. ಕೊನೆಗೆ ಹೋಟೆಲಿನ ಒಡತಿ, ದೊಡ್ಡ ಹೆಸರಿನ ಬಾಣಸಿಗಿತ್ತಿ, ಬೆಳಗಿನ ಹೊತ್ತು ತಾನೇ ಕೂತು ಅಣಬೆಯ ಸಿಪ್ಪೆ ತೆಗೆಯುತ್ತಿರುತ್ತಾಳೆ. ರಿಚಿಯೂ ಪಕ್ಕದಲ್ಲಿ ಕೈ ಹಾಕುತ್ತಾನೆ. ಆಕೆ ತನ್ನ ತಂದೆಯ ವಿಷಯ ಹೇಳುತ್ತಾಳೆ, ತನ್ನ ಸೋಲುಗಳನ್ನು ಹೇಳುತ್ತಾಳೆ. ಕಾರ್ಮಿಗೆ ನಿನ್ನ ಮೇಲೆ ನಂಬಿಕೆಯಿದೆ, ಜನರೊಡನೆ ಬೆರೆಯುವುದು ನಿನಗೆ ಬರುತ್ತದೆಂದು ಅವನು ಹೇಳಿದ್ದಾನೆ ಎಂಬುದನ್ನೂ ತಿಳಿಸುತ್ತಾಳೆ.

ಲೆಕ್ಕ ಹಾಕಿ ನೋಡಿ. ಅವನಿಗೆ ಸಿಕ್ಕಿದ್ದು ವಿವರಣೆ, ಹೊಣೆ, ಮೇಲಿನವರು ಕೂಡ ಕೆಳಗಿನ ಕೆಲಸ ಮಾಡುವ ದೃಶ್ಯ ಮತ್ತು ಒಂದು ಒಳ್ಳೆಯ ಮಾತು. ಇವುಗಳ ಜೊತೆಗೆ, ವಾರ ಮುಗಿದ ಮೇಲೆ ಮರಳಲು ತನ್ನದೇ ಒಂದು ಜಾಗ. ಇಷ್ಟೆಲ್ಲ ಸಿಕ್ಕಿದರೆ ನಲವತ್ತೈದಕ್ಕೇನು, ಅರವತ್ತಕ್ಕೂ ಮನುಷ್ಯ ಚಿಗುರುತ್ತಾನೆ. ಭಾಷಣಕಾರರು ಇದರಲ್ಲಿ ಆರಿಸಿಕೊಳ್ಳುವುದು ಫೋರ್ಕನ್ನು ಮಾತ್ರ. ಕೆಲಸ ಕೊಡುವವನ ಕರ್ತವ್ಯಗಳೆಲ್ಲ ಕಥೆಯಿಂದ ಜಾರಿ, ಕೆಲಸ ಮಾಡುವವನ ಶ್ರದ್ಧೆಯೊಂದೇ ಉಳಿಯುತ್ತದೆ. ಹಾಲು ಕುಡಿದು ಲೋಟವನ್ನು ನಮ್ಮ ಕೈಗಿಟ್ಟಂತೆ.

ಕಂತನ್ನೂ ನಾನು ಪೂರ್ತಿಯಾಗಿ ಬಿಡುವವಳಲ್ಲ. ಅದರಲ್ಲಿ ಒಂದು ಮೇಜಿನ ಪ್ರಸಂಗ ಬರುತ್ತದೆ. ಆ ರಾತ್ರಿ ಊಟಕ್ಕೆ ಬಂದಿರುವವರು ಶಾಲಾ ಶಿಕ್ಷಕರು. ಬಹಳ ಕಾಲದಿಂದ ದುಡ್ಡು ಕೂಡಿಟ್ಟು ಬಂದಿದ್ದಾರೆ. ಇದು ತಿಳಿದು ಹೋಟೆಲಿನವರು ಅವರಿಂದ ಹಣ ತೆಗೆದುಕೊಳ್ಳದಿರಲು ನಿರ್ಧರಿಸುತ್ತಾರೆ. ನೋಡುವವರ ಕಣ್ಣು ತುಂಬುವ ಜಾಗವಿದು. ನನ್ನ ಕಣ್ಣೂ ತುಂಬಿತು, ಅದೂ ನಮ್ಮ ವೃತ್ತಿಯವರಲ್ಲವೆ. ಆದರೆ ಕಣ್ಣೊರೆಸಿಕೊಂಡ ಮೇಲೆ ಕೇಳಬೇಕಾದ ಮಾತೊಂದಿದೆ. ಒಂದು ಮಹಾನಗರದಲ್ಲಿ ಮಕ್ಕಳಿಗೆ ಪಾಠ ಹೇಳುವವರು ಒಂದು ಊಟಕ್ಕೆ ಅಷ್ಟು ಕಾಲ ಕಾಸು ಕೂಡಿಡಬೇಕಾಗಿ ಬಂದದ್ದು ಯಾಕೆ?

ಅದೇ ಶಿಕಾಗೊದ ಶಿಕ್ಷಕರು 2019ರ ಅಕ್ಟೋಬರ್‌ನಲ್ಲಿ ಬೀದಿಗಿಳಿದಿದ್ದರು. ಹನ್ನೊಂದು ಶಾಲಾ ದಿನಗಳ ಮುಷ್ಕರ. ಸಂಬಳದ ಜೊತೆಗೆ ಅವರು ಕೇಳಿದ್ದು ತರಗತಿಯಲ್ಲಿ ಮಕ್ಕಳ ಸಂಖ್ಯೆ ಕಡಿಮೆಯಿರಲಿ, ಶಾಲೆಗೊಬ್ಬ ದಾದಿ ಇರಲಿ, ಗ್ರಂಥಪಾಲಕರಿರಲಿ ಎಂದು. ಇದು ಹಕ್ಕಿನ ಭಾಷೆ. ಕಂತಿನ ಮೇಜಿನ ಮೇಲಿರುವುದು ದಯೆಯ ಭಾಷೆ. ದಯೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಒಂದು ರಾತ್ರಿ ಬಿಲ್ಲು ಬಿಡುವುದು ಸುಲಭ, ವರ್ಷವಿಡೀ ಸರಿಯಾದ ಸಂಬಳ ಕೊಡುವುದು ಕಷ್ಟ. ಸುಲಭದ್ದಕ್ಕೆ ಕಣ್ಣೀರು ಬರುತ್ತದೆ, ಕಷ್ಟದ್ದಕ್ಕೆ ‘ಗೊಣಗುತ್ತಾರೆ’ ಎಂಬ ಹೆಸರು ಬರುತ್ತದೆ. ನನ್ನ ತಕರಾರು ಇಷ್ಟೇ.

ಆ ಹೊಳೆಯುವ ಹೋಟೆಲುಗಳ ಒಳಗಿನ ವ್ಯವಹಾರವನ್ನೂ ಸ್ವಲ್ಪ ನೋಡೋಣ. ರಿಚಿ ಮಾಡಿದಂತೆ ಬಂದು ಕೆಲಸ ಕಲಿಯುವ ಪದ್ಧತಿಗೆ ಆ ಲೋಕದಲ್ಲಿ ‘ಸ್ಟಾಜ್’ ಎನ್ನುತ್ತಾರೆ. ಬಹಳ ಕಡೆ ಇದಕ್ಕೆ ಸಂಬಳವಿರಲಿಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿರುವ ‘ನೋಮಾ’ ಜಗತ್ತಿನ ಅತ್ಯುತ್ತಮ ರೆಸ್ಟೋರೆಂಟ್ ಎಂದು ಹಲವು ಸಲ ಕರೆಸಿಕೊಂಡದ್ದು. ಅದು ಹೀಗೆ ಕಲಿಯಲು ಬಂದವರಿಗೆ ಸಂಬಳ ಕೊಡಲು ಶುರುಮಾಡಿದ್ದು 2022ರ ಅಕ್ಟೋಬರ್‌ನಲ್ಲಿ. ಮೂರು ತಿಂಗಳು ಕಳೆಯುವುದರಲ್ಲಿ, 2023ರ ಜನವರಿಯಲ್ಲಿ, ಮಾಮೂಲಿನ ಹೋಟೆಲು ನಡೆಸುವುದನ್ನು ನಿಲ್ಲಿಸುತ್ತೇವೆಂದು ಘೋಷಿಸಿತು. ಈ ಬಗೆಯ ಹೋಟೆಲು ಹಣದ ಲೆಕ್ಕದಲ್ಲೂ ಮನುಷ್ಯರ ಲೆಕ್ಕದಲ್ಲೂ ಬಾಳುವಂಥದ್ದಲ್ಲ ಎಂದು ಅದರ ಮುಖ್ಯ ಬಾಣಸಿಗ ರೆನೆ ರೆಡ್ಜೆಪಿ ಅವರೇ ಒಪ್ಪಿಕೊಂಡರು. ಇನ್ನು ಊಟ ಬಡಿಸುವವರ ಸಂಗತಿ. ಟಿಪ್ಸ್ ಬರುತ್ತದಲ್ಲ ಎಂಬ ನೆಪದಲ್ಲಿ ಅಮೆರಿಕದ ಕೇಂದ್ರ ಕಾನೂನು 1991ರಲ್ಲಿ ಇವರ ಕನಿಷ್ಠ ಕೂಲಿಯನ್ನು ಗಂಟೆಗೆ 2.13 ಡಾಲರ್ ಎಂದು ಗೊತ್ತುಮಾಡಿತು. ಮೂವತ್ತು ವರ್ಷ ಕಳೆದರೂ ಅದು ಅಲ್ಲೇ ನಿಂತಿತ್ತು. ಕೆಲವು ರಾಜ್ಯ, ನಗರಗಳು ತಾವಾಗಿ ಹೆಚ್ಚು ಕೊಡಿಸುತ್ತವೆ. ಶಿಕಾಗೊ ನಗರಸಭೆ ಈ ಭೇದವನ್ನು ಐದು ವರ್ಷದಲ್ಲಿ ತೆಗೆದುಹಾಕಲು ಠರಾವು ಮಾಡಿದ್ದು 2023ರ ಅಕ್ಟೋಬರ್‌ನಲ್ಲಿ. ಕಂತು ಬಂದು ನಾಲ್ಕು ತಿಂಗಳ ಮೇಲೆ. ಬಡಿಸುವವರ ಬಾಳಿಗೆ ಅರ್ಥ ಕೊಡುವ ಕೆಲಸ ಅಲ್ಲಿಯೂ ಸ್ವಲ್ಪ ನಡೆಯಿತು. ಅದಕ್ಕೆ ಎಮ್ಮಿ ಬರಲಿಲ್ಲ, ಅಷ್ಟೆ.

ನಾವು ಹೆಂಗಸರು ಈ ಕಂತನ್ನು ನೋಡುವಾಗ ಇನ್ನೊಂದು ಮುಳ್ಳು ಚುಚ್ಚುತ್ತದೆ. ಒರೆಸುವುದು, ತಿಕ್ಕುವುದು, ಬಡಿಸುವುದು, ಯಾರಿಗೆ ಏನು ಇಷ್ಟ ಎಂದು ನೆನಪಿಟ್ಟು ಅವರು ಕೇಳುವ ಮೊದಲೇ ಎಲೆಗೆ ಹಾಕುವುದು. ಇದನ್ನೆಲ್ಲ ಒಬ್ಬ ಗಂಡಸು ಒಂದು ವಾರ ಮಾಡಿದರೆ ಅದು ‘ಜೀವನದರ್ಶನ’. ನಮ್ಮ ಅತ್ತೆಯರು, ಅಮ್ಮಂದಿರು ಐವತ್ತು ವರ್ಷ ಮಾಡಿದರೆ ಅದು ‘ಮನೇಲೇ ಇರ್ತಾರೆ’. ಕಂತಿನ ಒಳಗೂ ನೋಡಿ. ರಿಚಿ ತನ್ನನ್ನು ತಾನು ಕಂಡುಕೊಳ್ಳುವ ಆ ವಾರದಲ್ಲಿ ಮಗಳನ್ನು ಸಾಕುತ್ತಿರುವವಳು ಅವನ ಹಿಂದಿನ ಹೆಂಡತಿ. ತಾನು ಮರುಮದುವೆಯಾಗುತ್ತಿದ್ದೇನೆಂಬ ಸುದ್ದಿ ಹೇಳಲು ಅವಳು ಫೋನಿನಲ್ಲಿ ಬರುತ್ತಾಳೆ. ಅವಳ ದಿನದ ದುಡಿಮೆಗೆ ಕಥೆಯಲ್ಲಿ ಜಾಗವಿಲ್ಲ.

ನಮ್ಮ ದೇಶದ ಅಂಕಿ ಅಂಶ ಇಲಾಖೆಯವರು ಜನ ತಮ್ಮ ದಿನವನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡುತ್ತಾರೆ. 2019ರ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟಿದ್ದರು. ಮಾಡುವ ಗಂಡಸರು 97 ನಿಮಿಷ. 2024ರಲ್ಲಿ ಹೆಂಗಸರದ್ದು 289 ಆಯಿತು. ಪರವಾಗಿಲ್ಲ, ಹತ್ತು ನಿಮಿಷ ಉಳಿಯಿತಲ್ಲ, ಅದನ್ನು ಗಂಡಸರು ಹೊತ್ತುಕೊಂಡರೇನೋ ಎಂದು ನೋಡಿದರೆ, ಅವರದ್ದೂ 88ಕ್ಕೆ ಇಳಿದಿತ್ತು! 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಗೃಹಿಣಿಯ ದುಡಿಮೆಗೆ ಆರ್ಥಿಕ ಬೆಲೆಯಿದೆ, ಅದನ್ನು ಆದಾಯವೆಂದೇ ಲೆಕ್ಕಕ್ಕೆ ಹಿಡಿಯಬೇಕು ಎಂದಿತು. ಬಹಳ ದೊಡ್ಡ ಮಾತು. ಆದರೆ ಅದು ಅಪಘಾತದ ಪರಿಹಾರದ ಮೊಕದ್ದಮೆ. ಆ ಬೆಲೆ ಅಂಕೆಯಲ್ಲಿ ಕಾಣಬೇಕಾದರೆ ಗೃಹಿಣಿ ರಸ್ತೆಯಲ್ಲಿ ಸತ್ತಿರಬೇಕು.

ನಾನು ಮೊದಲು ಹೇಳಿದ ತರಬೇತಿಯ ಸಭೆಯಲ್ಲಿ ಚಪ್ಪಾಳೆ ಬೀಳುವಾಗ ಬಾಗಿಲ ಬಳಿ ಇಬ್ಬರು ನಿಂತಿದ್ದರು, ಕೈಯಲ್ಲಿ ಚಹಾದ ಕೆಟಲು. ಆ ಶಾಲೆಯ ಬಿಸಿಯೂಟದ ಅಡುಗೆಯವರು. ಇವರಿಗೆ ಸಿಗುವುದನ್ನು ಸರ್ಕಾರ ಸಂಬಳ ಎನ್ನುವುದಿಲ್ಲ, ‘ಗೌರವಧನ’ ಎನ್ನುತ್ತದೆ. ಕೇಂದ್ರದ ಯೋಜನೆಯಲ್ಲಿ 2009ರಲ್ಲಿ ಇದನ್ನು ತಿಂಗಳಿಗೆ 1000 ರೂಪಾಯಿ ಎಂದು ನಿಗದಿ ಮಾಡಿದರು, ವರ್ಷಕ್ಕೆ 10 ತಿಂಗಳು. ಹದಿನೈದು ವರ್ಷ ಕಳೆದರೂ ಆ ಮೊತ್ತ ಕದಲಲಿಲ್ಲ. ನಮ್ಮ ರಾಜ್ಯ ತನ್ನ ಪಾಲಿನಿಂದ ಸೇರಿಸಿದೆ, ಅದೂ ಈ ಹೆಂಗಸರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮತ್ತೆ ಮತ್ತೆ ಬಿಸಿಲು ಮಳೆಯೆನ್ನದೆ ಕೂತ ಮೇಲೆ. ಅನ್ನ ಬೇಯಿಸುವವರ ಧನ ಕಡಿಮೆಯಿರುವುದರಿಂದಲೇ ಅದರ ಹಿಂದೆ ‘ಗೌರವ’ ಎಂದು ಅಂಟಿಸಿದ್ದಾರೆಂದು ನನ್ನ ಗುಮಾನಿ. ಅಧಿಕಾರಿಗಳ ಸಂಬಳಕ್ಕೆ ಅಂಥ ವಿಶೇಷಣ ಬೇಕಾಗಿಲ್ಲ ನೋಡಿ.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾನು ಮಕ್ಕಳಿಗೆ ಎಷ್ಟೋ ವರ್ಷ ಹೇಳಿದ್ದೇನೆ. ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿದ್ದನ್ನು ಅಲ್ಲೇ ಸುರಿದು ಬಾ ಎಂದು ಅವಳು ಹಿಂದಕ್ಕೆ ಕಳಿಸಿದಳು. ಈ ಕಥೆಯನ್ನೂ ‘ಬಡತನದಲ್ಲೇ ತೃಪ್ತಿ’ ಎಂದು ಹೇಳಿ ಮುಗಿಸುವವರಿದ್ದಾರೆ. ನನಗೆ ಅದರಲ್ಲಿ ಕಾಣುವುದು ಬೇರೆ. ಇಷ್ಟು ನಮ್ಮದು, ಇಷ್ಟು ನಮ್ಮದಲ್ಲ ಎಂಬ ಅಳತೆಯನ್ನು ಅಲ್ಲಿ ಇಟ್ಟವಳು ದುಡಿಯುವ ಹೆಂಗಸು. ಬೇರೆಯವರು ಹೆಚ್ಚು ಸುರಿದು ಉಪಕಾರ ಮಾಡುವುದಕ್ಕೂ ಅವಳು ಒಪ್ಪಲಿಲ್ಲ, ಕಡಿಮೆ ಕೊಟ್ಟು ಹೊಗಳುವುದಕ್ಕೂ ಒಪ್ಪುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ.

ಕಂತನ್ನು ನೋಡಿ, ಬೇಡವೆನ್ನುವುದಿಲ್ಲ. ಅರ್ಧ ತಾಸಿನ ಕಥೆ, ನಟನೆ ಸೊಗಸಾಗಿದೆ. ಆದರೆ ಯಾರಾದರೂ ವೇದಿಕೆ ಹತ್ತಿ ಆ ಫೋರ್ಕನ್ನು ನಿಮ್ಮ ಮುಖಕ್ಕೆ ಹಿಡಿದರೆ ಮೂರು ಪ್ರಶ್ನೆ ಕೇಳಿ. ಈ ಕೆಲಸ ಯಾಕೆಂದು ನಮಗೆ ಕೂರಿಸಿ ಹೇಳಿದವರು ಯಾರು? ನಮ್ಮ ಪಕ್ಕದಲ್ಲಿ ಕೂತು ಅಣಬೆ ಬಿಡಿಸುವ ಮೇಲಧಿಕಾರಿ ಎಲ್ಲಿ? ತಿಂಗಳ ಕೊನೆಗೆ ಕೈಗೆ ಬರುವುದು ಎಷ್ಟು? ಮೂರಕ್ಕೂ ಉತ್ತರ ಕೊಟ್ಟ ಮೇಲೆ ಅವರು ಶ್ರದ್ಧೆಯ ಬಗ್ಗೆ ಎಷ್ಟು ಹೊತ್ತಾದರೂ ಮಾತಾಡಲಿ, ಕೂತು ಕೇಳೋಣ. ಅಲ್ಲಿಯವರೆಗೆ ಚಪ್ಪಾಳೆ ಬೇಡ. ಆ ಕೆಟಲು ಹಿಡಿದು ನಿಂತ ಇಬ್ಬರಿಗೆ ಮೊದಲು ಕುರ್ಚಿ ತರಿಸಿ.