ಬಲ್ಲವರೂ ಬಿಡಲಾರದ ಚಟ

ಗುಟ್ಕಾಕ್ಕೆ ಕರ್ನಾಟಕದಲ್ಲಿ 2013ರಲ್ಲೇ ನಿಷೇಧ ಬಂತು. ತಂಬಾಕಿನ ಪೊಟ್ಟಣದ ಮೇಲೆ ಎಚ್ಚರಿಕೆಯ ಚಿತ್ರವೂ ಇದೆ. ಆದರೂ ಕೊಳ್ಳೇಗಾಲ, ಹನೂರು, ಯಳಂದೂರಿನ ಬಸ್ ನಿಲ್ದಾಣಗಳಲ್ಲಿ ಹೊಗೆಸೊಪ್ಪು, ಕಡ್ಡಿಪುಡಿ ಮೆಲ್ಲುವವರಲ್ಲಿ ಓದಿದವರೂ ಇದ್ದಾರೆ. ತಿಳಿದೂ ಏಕೆ ಹೀಗೆ?

ಇದು ಇಲ್ಲಿಯವರ ದೌರ್ಬಲ್ಯ ಮಾತ್ರವಲ್ಲ. ಮನಸ್ಸಿನ ಒಳಹೊರಗನ್ನು ಶೋಧಿಸಿದ ಸಿಗ್ಮಂಡ್ ಫ್ರಾಯ್ಡ್ ಸ್ವತಃ ವೈದ್ಯರು. 1923ರಲ್ಲಿ ಅವರ ಬಾಯಲ್ಲಿ ಕ್ಯಾನ್ಸರ್ ಕಾಣಿಸಿತು. 1939ರಲ್ಲಿ ತೀರಿಕೊಳ್ಳುವುದರೊಳಗೆ 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಆದರೂ ಚುರುಟಿನ ಚಟ ಗೆದ್ದಿತು. ಧರ್ಮವನ್ನೆಲ್ಲ ಬಲ್ಲ ಧರ್ಮರಾಯ ಜೂಜಿಗೆ ಸೋತದ್ದೂ ಹೀಗೆಯೇ.

ಹೊಗೆಯೊಡನೆ ಒಳಹೊಕ್ಕ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ. ಕ್ಯಾನ್ಸರ್ ಬರುವುದು ವರ್ಷಗಳ ನಂತರ. ಹತ್ತಿರದ ಸುಖದ ಮುಂದೆ ದೂರದ ನೋವು ಮಂಕಾಗುತ್ತದೆ. ಜಾಣನಿಗೆ ಇನ್ನೊಂದು ಅಪಾಯ: ದಡ್ಡ ಒಂದು ನೆಪ ಹೇಳಿದರೆ ಅವನು ಹತ್ತು ಹುಡುಕುತ್ತಾನೆ. ಬುದ್ಧಿಯೇ ಚಟದ ವಕೀಲನಾಗುತ್ತದೆ.

ಹಾಗಾದರೆ ಉಪಾಯ? ಮಾದಪ್ಪನ ಬೆಟ್ಟಕ್ಕೆ ನೇಮ ಹಿಡಿದು ನಡೆದವರು ಅಷ್ಟು ದಿನ ಹೇಗೆ ತಡೆದುಕೊಳ್ಳುತ್ತಾರೆ? ನೇಮವಿದೆ, ಜೊತೆಗಾರರ ಕಣ್ಣಿದೆ. ಮನೆಯಲ್ಲೂ ಅಂಥ ಕಟ್ಟು ಬೇಕು. ಎಲೆಚೀಲದಲ್ಲಿ ಹೊಗೆಸೊಪ್ಪು ಇಲ್ಲದಿದ್ದರೆ ಕೈ ತಡಕಾಡಿ ಸುಮ್ಮನಾಗುತ್ತದೆ. ಬೀಡಿ ತರಲು ಮಗನನ್ನು ಅಂಗಡಿಗೆ ಅಟ್ಟುವ ತಂದೆ, ಚಟದ ಮೊದಲ ಪಾಠವನ್ನು ತಾನೇ ಹೇಳಿಕೊಟ್ಟಂತೆ.

ಈಗಾಗಲೇ ಸಿಕ್ಕಿಕೊಂಡವರು ನಾಚದೆ ವೈದ್ಯರನ್ನು ಕಾಣಬೇಕು. 1800-11-2356 ಉಚಿತ ದೂರವಾಣಿಯಲ್ಲೂ ಸಲಹೆ ಸಿಗುತ್ತದೆ. ವಿದ್ಯಾರ್ಥಿಗಳಿಗಂತೂ ಇನ್ನೂ ಸುಲಭದ ದಾರಿಯಿದೆ: ಹಿಡಿದು ಬಿಡುವುದಕ್ಕಿಂತ ಹಿಡಿಯದಿರುವುದೇ ಲೇಸು.