ಬಾವಿಯ ನೀರಿಗೂ ಲೆಕ್ಕ ಬೇಕು

ಚಾರ್ಮಾಡಿಯ ಬೆಟ್ಟಗಳಿಂದ ಇಳಿಯುವ ಮೃತ್ಯುಂಜಯ ಹೊಳೆ ನೇತ್ರಾವತಿಯನ್ನು ಕೂಡುತ್ತದೆ. ಬಂಟ್ವಾಳ ದಾಟಿ ತುಂಬೆಯ ಅಣೆಕಟ್ಟಿನಲ್ಲಿ ನಿಲ್ಲುವ ಆ ನೀರೇ ಮಂಗಳೂರಿನ ಕಾರ್ಮಿಕನ ಮನೆಯ ನಲ್ಲಿಗೂ ಬರುತ್ತದೆ. ಆದುದರಿಂದ ಘಟ್ಟದ ಬುಡದ ತೋಟಕ್ಕೆ ಏನನ್ನು ಸುರಿಯುತ್ತಾರೆ ಎಂಬುದು ತೋಟದವರ ಮನೆವಾರ್ತೆ ಮಾತ್ರವಲ್ಲ.

ನಾವು ಹೇಳಹೊರಟಿರುವುದು ನೈಟ್ರೇಟಿನ ವಿಷಯ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಗಿಡ ಹೀರಿ ಉಳಿದದ್ದು ಮಣ್ಣಿನಲ್ಲಿ ನೈಟ್ರೇಟಾಗಿ ಮಾರ್ಪಟ್ಟು, ಮಳೆನೀರಿನೊಡನೆ ಇಳಿದು ಬಾವಿ ಸೇರುತ್ತದೆ. ಹಟ್ಟಿಗೊಬ್ಬರದ ಗುಂಡಿಯೂ ಕಕ್ಕಸಿನ ಗುಂಡಿಯೂ ಇದೇ ಕೆಲಸ ಮಾಡುತ್ತವೆ. ನಮ್ಮ ಮುರಕಲ್ಲಿನ ನೆಲದಲ್ಲಿ ನೀರು ಇಂಗಲು ತಡವಿಲ್ಲ. ಹೊಳೆಯಲ್ಲಾದರೆ ಆಟಿಯ ನೆರೆ ತೊಳೆದು ಒಯ್ಯುತ್ತದೆ; ಅಪಾಯ ಹೆಚ್ಚಾಗಿರುವುದು ತೋಟದ ಮಗ್ಗುಲಿನ ಬಾವಿಗೆ. ಆ ಬಾವಿಯಿಂದ ಕುಡಿಯುವವರು ಯಾರು? ತೋಟದ ಕೂಲಿಯಾಳು, ಬೀಡಿ ಕಟ್ಟುವ ಹೆಂಗಸು, ಪೇಟೆಯ ಚಾದಂಗಡಿಯವನು.

ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿ ಕುಡಿಯಿರೆಂಬ ಹಳೆಯ ಉಪದೇಶವೂ ಇಲ್ಲಿ ನಡೆಯದು: ಕುದಿಸಿದಷ್ಟೂ ನೀರು ಆವಿಯಾಗಿ ನೈಟ್ರೇಟು ದಟ್ಟವಾಗುತ್ತದೆ. ಬಾವಿನೀರಿನಲ್ಲಿ ಕಲಸಿದ ಹಾಲು ಕುಡಿದ ಹಸುಳೆಗಳ ಮೈ ನೀಲಿಗಟ್ಟಿದ್ದನ್ನು ಅಮೆರಿಕದ ಅಯೋವಾದ ವೈದ್ಯ ಹಂಟರ್ ಕಾಮ್ಲಿ 1945ರಲ್ಲೇ ಬರೆದಿಟ್ಟರು. ನಮ್ಮ ದೇಶದ ಮಾನಕದಂತೆ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದ ಮಾದರಿಗಳ ಪೈಕಿ ಹತ್ತಿರ ಹತ್ತಿರ ಅರ್ಧ ಈ ಮಿತಿ ದಾಟಿದ್ದವು. ರಾಜಸ್ಥಾನದ ಪಂಕ್ತಿಯಲ್ಲಿ ಕುಳಿತಿದೆ ನಮ್ಮ ರಾಜ್ಯ!

ತಪ್ಪು ಯಾರದು? ರೈತನ ಅಜ್ಞಾನವೆಂದು ಕೈತೊಳೆದುಕೊಳ್ಳುವುದು ಅಧಿಕಾರಿವರ್ಗಕ್ಕೆ ಸುಲಭ. ನಾವು ಒಪ್ಪುವುದಿಲ್ಲ. 2010ರಲ್ಲಿ ಕೇಂದ್ರ ಸರಕಾರವು ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆಯನ್ನು ಕಂಪೆನಿಗಳ ಕೈಗೆ ಬಿಟ್ಟಿತು. ಯೂರಿಯಾದ ಬೆಲೆಯೊಂದನ್ನೇ ಹಿಡಿದಿಟ್ಟಿತು. ಇಂದು 45 ಕಿಲೋ ಯೂರಿಯಾ ಚೀಲದ ಮೂಲಬೆಲೆ 242 ರೂಪಾಯಿ. ಪೊಟ್ಯಾಷ್ ಚೀಲ ಸಾವಿರ ದಾಟಿದೆ. ಕೈಯಲ್ಲಿ ಕಾಸಿಲ್ಲದವನು ಯಾವುದನ್ನು ಹೊತ್ತು ತಂದಾನು? ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, ಅದರೊಡನೆ 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, 12 ಕಿಲೋ ಹಸಿಸೊಪ್ಪು, ಅಷ್ಟೇ ಕಾಂಪೋಸ್ಟು ಎಂಬುದು ತಜ್ಞರ ಶಿಫಾರಸು. ಆ ಸಾರಜನಕಕ್ಕೆ ಕಾಲು ಕಿಲೋ ಯೂರಿಯಾ ಕೂಡ ಬೇಡ. ಆದರೆ ಸೊಪ್ಪು ಕಡಿದು ಹೊರಲು ಆಳಿಗೆ ಕೂಲಿ ಕೊಡಬೇಕಷ್ಟೆ. ಯೂರಿಯಾ ಚೀಲದ ಮೇಲಿರುವ ಸರಕಾರದ ಔದಾರ್ಯ ಸೊಪ್ಪಿನ ಹೊರೆಯ ಮೇಲೂ ಇರಲಿ ಎಂಬುದು ನಮ್ಮ ಬೇಡಿಕೆ.

ಇನ್ನೊಂದಕ್ಕೆ ದಿಲ್ಲಿಯ ಅಪ್ಪಣೆಗೆ ಕಾಯಬೇಕಿಲ್ಲ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಪ್ರತಿ ಗ್ರಾಮದಲ್ಲಿ ಐವರು ಹೆಂಗಸರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕೆನ್ನುತ್ತದೆ. ಮಳೆಗೆ ಮೊದಲೊಮ್ಮೆ, ಮಳೆಯ ಬಳಿಕವೊಮ್ಮೆ ಬಾವಿಗಳನ್ನು ಪರೀಕ್ಷಿಸಿ, ಬಂದ ಅಂಕಿಯನ್ನು ಪಂಚಾಯತಿನ ಗೋಡೆಯ ಮೇಲೆ ಬರೆಯಲಿ. ಮಿತಿ ಮೀರಿದ ಬಾವಿಯ ಮನೆಗಳಿಗೆ ಪಂಚಾಯತೇ ಬೇರೆ ನೀರು ಕೊಡಲಿ. ಉಳ್ಳವನು ಕ್ಯಾನಿನ ನೀರು ಕೊಂಡಾನು. ದಿನಗೂಲಿಯವನ ಮಗು ಏನು ಕುಡಿಯಬೇಕು?

ಚಾರ್ಮಾಡಿ, ಕಕ್ಕಿಂಜೆ, ಮುಂಡಾಜೆಯ ವಾಚಕರು ಮುಂದಿನ ಗ್ರಾಮಸಭೆಯಲ್ಲಿ ಈ ಅಂಕಿಯನ್ನು ಕೇಳಲಿ. ದೊರೆತ ಉತ್ತರವನ್ನು ನಮಗೆ ಬರೆದು ಕಳುಹಿಸಿದರೆ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.